ರಾಗಿ ಹೊಲದ ಮಣ್ಣು ನಡೆದು ಬಂದ ದಾರಿ



ಹಳೇ ಮೈಸೂರು ಸೀಮೆಯ ಕೆಂಪು ಮಣ್ಣಿನಲ್ಲಿ ತೇವ ನಿಲ್ಲುವುದು ಕಡಿಮೆ, ಸಾವಯವ ಇಂಗಾಲವೂ ಕಡಿಮೆ. ಇಂಥ ನೆಲದಲ್ಲಿ ನಮ್ಮ ಹಿರಿಯರು ತಲೆತಲಾಂತರದಿಂದ ರಾಗಿ ಬೆಳೆದು ಉಂಡರು. ಅದು ಹೇಗೆ ಸಾಧ್ಯವಾಯಿತು ಎಂಬುದೇ ಇವತ್ತಿನ ಮಾತು.

ಅವರ ಹೊಲದಲ್ಲಿ ರಾಗಿ ಒಂಟಿಯಾಗಿರುತ್ತಿರಲಿಲ್ಲ. ಕೆಲವು ಸಾಲು ರಾಗಿಯಾದ ಮೇಲೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ನಾಲ್ಕು ತೆನೆ ಜೋಳ. ರಾಗಿ ಕೊಯ್ದ ಮೇಲೂ ಅವರೆ ಬಳ್ಳಿ ನೆಲ ಮುಚ್ಚಿಕೊಂಡಿರುತ್ತಿತ್ತು, ತೊಗರಿ ಉದುರಿಸಿದ ಎಲೆ ಅಲ್ಲೇ ಕೊಳೆಯುತ್ತಿತ್ತು. ಬೇಸಿಗೆ ಬಂತೆಂದರೆ ತಿಪ್ಪೆ ಗೊಬ್ಬರವೂ ಕೆರೆಗೋಡೂ ಗಾಡಿಯಲ್ಲಿ ಹೊಲ ಸೇರುತ್ತಿದ್ದವು. ಕುರಿಗಾರರನ್ನು ಕರೆದು ರಾತ್ರಿ ಹೊಲದಲ್ಲಿ ಮಂದೆ ಹಾಕಿಸುತ್ತಿದ್ದರು. ಅವರೆ, ತೊಗರಿಯಂಥ ದ್ವಿದಳ ಗಿಡದ ಬೇರಿನ ಗಂಟಿನೊಳಗಿನ ಸೂಕ್ಷ್ಮಾಣುಗಳು ಗಾಳಿಯ ಸಾರಜನಕ ಹಿಡಿದು ಕೊಡುತ್ತವೆ ಎಂದು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ತ್ ತೋರಿಸಿಕೊಟ್ಟದ್ದು 1880ರ ದಶಕದಲ್ಲಿ. ಅಷ್ಟು ಹೊತ್ತಿಗೆ ಅವರೆಯ ಉಪಕಾರ ನಮ್ಮ ಹೊಲಗಳಿಗೆ ಎಷ್ಟೋ ತಲೆಮಾರು ಸಂದಿತ್ತು.

ಅದೇ ಕಾಲಕ್ಕೆ ಭಾರತದ ಬೇಸಾಯ ನೋಡಲು ಬಂದ ಬ್ರಿಟಿಷ್ ರಸಾಯನ ತಜ್ಞ ವೋಲ್ಕರ್ ತಮ್ಮ 1893ರ ವರದಿಯಲ್ಲಿ ನಮ್ಮ ರೈತರ ಜಾಣ್ಮೆಯನ್ನು ಮನಸಾರೆ ಮೆಚ್ಚಿದರು. ಅವರಿಗೆ ನೋವಾದದ್ದು ಸಗಣಿ ಒಲೆಗೆ ಹೋಗುತ್ತಿದ್ದುದನ್ನು ಕಂಡು. ಸೌದೆಗೆ ಬೇರೆ ಮರ ಬೆಳೆಸಿ, ಸಗಣಿ ಹೊಲಕ್ಕೆ ಉಳಿಯಲಿ ಎಂಬುದು ಅವರ ಸಲಹೆ. ಮೈಸೂರು ಸಂಸ್ಥಾನದಲ್ಲಿ ರಸಾಯನ ತಜ್ಞ ಲೆಹ್ಮನ್ ಅವರಿಂದ ಮಣ್ಣು-ಗೊಬ್ಬರಗಳ ವೈಜ್ಞಾನಿಕ ಪರೀಕ್ಷೆ ಶುರುವಾಯಿತು. ಬೆಂಗಳೂರಿನ ಹೆಬ್ಬಾಳದಲ್ಲಿ ನಡೆದ ಆ ಕೆಲಸವೇ ಮುಂದೆ 1964ರ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯಕ್ಕೆ ಬುನಾದಿ. ಉತ್ತರದ ಎರೆ ಭೂಮಿಯ ಕಥೆ ಬೇರೆ. ಅಲ್ಲಿ 1933ರಲ್ಲಿ ವಿಜಾಪುರದಲ್ಲಿ ಒಣ ಬೇಸಾಯ ಸಂಶೋಧನೆ ಆರಂಭವಾಗಿ, ಬದು, ಚೌಕು ಮಡಿಗಳ ಮೂಲಕ ಮಳೆ ನೀರನ್ನು ಬಿದ್ದಲ್ಲೇ ಇಂಗಿಸುವ ಕ್ರಮ ಗಟ್ಟಿಯಾಯಿತು.

ಆಮೇಲೆ ಬಂದದ್ದು ರಸಗೊಬ್ಬರ ಮತ್ತು ಹೊಸ ತಳಿ. ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿ ಕೊಟ್ಟರು, ಇಳುವರಿ ಏರಿತು. ಆ ಉಪಕಾರವನ್ನು ಮರೆಯಬಾರದು. ಆಮೇಲೆ ಮಣ್ಣು ಸೊರಗಿದ್ದರೆ ತಪ್ಪು ಬೀಜದ್ದಲ್ಲ. ಚೀಲದ ಗೊಬ್ಬರ ಸುಲಭವಾಗಿ ಸಿಕ್ಕಿದಾಗ ನಾವು ತಿಪ್ಪೆಯನ್ನು ಮರೆತೆವು, ದನ ಮಾರಿದೆವು, ಅಕ್ಕಡಿ ಸಾಲು ಕೈಬಿಟ್ಟೆವು.

ಇದರ ಲೆಕ್ಕ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದಲ್ಲಿದೆ. ಅಲ್ಲಿ 1978ರಿಂದ ಒಂದೇ ತಾಕಿನಲ್ಲಿ ವರ್ಷ ವರ್ಷ ರಾಗಿ ಬೆಳೆದು ನೋಡಿದ್ದಾರೆ. ಏನೂ ಹಾಕದ ತಾಕು ಸೊರಗಿತು. ರಸಗೊಬ್ಬರವನ್ನಷ್ಟೇ ಉಂಡ ತಾಕು ಮೊದಮೊದಲು ಚೆನ್ನಾಗಿ ಕೊಟ್ಟು, ಬರಬರುತ್ತಾ ಇಳಿಯಿತು. ಹೆಕ್ಟೇರಿಗೆ 10 ಟನ್, ಅಂದರೆ ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ರಸಗೊಬ್ಬರ ಪಡೆದ ತಾಕು ಮಾತ್ರ ಇಳುವರಿ ಕಾಯ್ದುಕೊಂಡಿತು. ನನ್ನ ಮಟ್ಟಿಗೆ, ಸಾವಯವವೋ ರಾಸಾಯನಿಕವೋ ಎಂಬ ಜಗಳಕ್ಕೆ ಕೆಂಪು ಮಣ್ಣು ಕೊಟ್ಟ ಉತ್ತರ ಇದು. 2009ರಲ್ಲಿ ಶುರುವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆ ಇನ್ನೊಂದು ಸಂಗತಿ ಹೊರತಂದಿತು: ನಮ್ಮ ಎಷ್ಟೋ ಹೊಲಗಳಲ್ಲಿ ಸತು, ಬೋರಾನ್, ಗಂಧಕಗಳ ಕೊರತೆ. ಯೂರಿಯಾ ಎಷ್ಟು ಎರಚಿದರೂ ಈ ಕೊರತೆ ನೀಗದು.

ಅಷ್ಟೊಂದು ಕೊಟ್ಟಿಗೆ ಗೊಬ್ಬರ ಎಲ್ಲಿಂದ ತರಲಿ ಎಂದು ನೀವು ಕೇಳುತ್ತೀರಿ, ನ್ಯಾಯವಾದ ಮಾತು. ಬದುವಿನ ಮೇಲೆ ಗೊಬ್ಬರದ ಗಿಡ, ಹೊಂಗೆ ಬೆಳೆಸಿ ಸೊಪ್ಪು ಹಾಕಿ. ಮೊದಲ ಮಳೆಗೆ ಅಪ್ಪಸೆಣಬು ಚೆಲ್ಲಿ, ಹೂ ಬರುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿ. ಇಳಿಜಾರಿಗೆ ಅಡ್ಡಲಾಗಿಯೇ ಉಳುಮೆ ಮಾಡಿ. ಬಿತ್ತನೆಗೆ ಮೊದಲು ಹೊಲದ ಹಲವು ಕಡೆಯಿಂದ ಒಂದು ಗೇಣು ಆಳದ ಮಣ್ಣು ತೆಗೆದು ಬೆರೆಸಿ, ಅರ್ಧ ಕಿಲೋ ಮಣ್ಣನ್ನು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ಈ ಮುಂಗಾರಿನಲ್ಲಿ ಒಂದೆಕರೆ ರಾಗಿಯಲ್ಲಾದರೂ ಅಕ್ಕಡಿ ಸಾಲು ಹಾಕಿ ನೋಡಿ ಎಂಬುದು ನನ್ನ ಕೋರಿಕೆ.