ಎರಡನೇ ಅಂಕದ ತಾಲೀಮು

ಅಮೆರಿಕದ ವಿದ್ಯಾರ್ಥಿ ರಂಗತಂಡಗಳು ಪ್ರೀತಿಯಿಂದ ಆಡುವ ಸಂಗೀತ ನಾಟಕ ‘ಇನ್‌ಟು ದ ವುಡ್ಸ್’. ಹಾಡು ಮತ್ತು ಸಂಗೀತ ಸ್ಟೀಫನ್ ಸಾಂಡ್‌ಹೈಮ್ ಅವರದು, ನಾಟಕ ಜೇಮ್ಸ್ ಲಪೈನ್ ಅವರದು. 1987ರಲ್ಲಿ ಬ್ರಾಡ್‌ವೇಗೆ ಬಂತು. ಮೊದಲ ಅಂಕದಲ್ಲಿ ಸಿಂಡ್ರೆಲಾಗೆ ರಾಜಕುಮಾರ ಸಿಗುತ್ತಾನೆ, ಬೇಕರಿಯವನ ಹೆಂಡತಿ ಬಸುರಿಯಾಗುತ್ತಾಳೆ. ಅಜ್ಜಿಕಥೆ ಸುಖವಾಗಿ ಮುಗಿಯಿತು ಅನ್ನುವಷ್ಟರಲ್ಲಿ ಎರಡನೇ ಅಂಕ ಶುರುವಾಗುತ್ತದೆ. ಜಾಕ್ ಎಂಬ ಹುಡುಗ ಕೊಂದ ದೈತ್ಯನ ಹೆಂಡತಿ ಸೇಡಿಗಾಗಿ ಬರುತ್ತಾಳೆ, ಸಾವಿನ ಮೇಲೆ ಸಾವು.

ಚಿಕ್ಕ ಮಕ್ಕಳಿಗೆಂದೇ ಮಾಡಿದ ಸಂಕ್ಷಿಪ್ತ ರೂಪದಲ್ಲಿ ಈ ಅಂಕವೇ ಇಲ್ಲ. ಎಳೆಯರಿಗೆ ಅಷ್ಟು ಭಾರ ಬೇಡ, ಸರಿ. ಹದಿಹರೆಯದವರಿಗೆ ಮಾತ್ರ ಅದು ಬೇಕೇ ಬೇಕು.

ಅದರಲ್ಲೊಂದು ಹಾಡು, ‘ಯುವರ್ ಫಾಲ್ಟ್’. ಐವರು ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಾ ಬಿರುಸಾಗಿ ಹಾಡುತ್ತಾರೆ. ಒಬ್ಬರ ಮಾತಿನ ಬೆನ್ನಿಗೇ ಇನ್ನೊಬ್ಬರ ಮಾತು. ತಮ್ಮ ಸಾಲನ್ನಷ್ಟೇ ಬಾಯಿಪಾಠ ಮಾಡಿ ಬಂದವರು ಇಲ್ಲಿ ನಿಲ್ಲಲಾರರು. ಮೊದಲು ಪಿಯಾನೋ ಪಕ್ಕದಲ್ಲಿ ಕೂತು, ಲಯಕ್ಕೆ ಸರಿಯಾಗಿ ಬರೀ ಮಾತುಗಳನ್ನು ಹೇಳಬೇಕು. ಆಮೇಲೆ ಸ್ವರ, ವೇಗ ಕಡೆಗೆ. ಯಾರ ಮಾತನ್ನೂ ಕೇಳಿಸಿಕೊಳ್ಳದ ಪಾತ್ರಗಳನ್ನು ಆಡಲು, ನಟರು ಉಳಿದ ನಾಲ್ವರನ್ನೂ ಮೈಯೆಲ್ಲಾ ಕಿವಿಯಾಗಿ ಕೇಳಬೇಕು! ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಕಾಣದು.

ಮುಂದೆ ‘ನೋ ಒನ್ ಈಸ್ ಅಲೋನ್’ ಬರುತ್ತದೆ. ತಾಯಿಯನ್ನು ಕಳೆದುಕೊಂಡ ಜಾಕ್‌ಗೆ ಬೇಕರಿಯವನ ಸಮಾಧಾನ. ಅವನೂ ಆಗಷ್ಟೇ ಹೆಂಡತಿಯನ್ನು ಕಳೆದುಕೊಂಡವನು. ಈ ನಿಧಾನದ ಹಾಡಿಗೆ ಬಿರುಸಿನ ಹಾಡಿಗಿಂತ ಹೆಚ್ಚು ತಾಲೀಮು ಬೇಕು. ಮೊದಲ ಅಂಕವನ್ನೇ ತಿದ್ದುತ್ತಾ ಕೂತು, ಇದನ್ನು ಕೊನೆಯ ವಾರಕ್ಕೆ ತಳ್ಳಿದರೆ ಮಕ್ಕಳಿಗೇ ನಷ್ಟ.