ಹೊಳೆ ಕಾಣುವ ಮನೆ

ಮಹಿಳಾ ವೇದಿಕೆಯವರು ಹತ್ತು ನಿಮಿಷ ಮಾತಾಡು ಅಂದಾಗ, ಈಕೆ ಕಂಪ್ಯೂಟರ್ ಬಗ್ಗೆ ಹೇಳುತ್ತಾಳೆ ಅಂದುಕೊಂಡಿದ್ದರೋ ಏನೋ. ನಾನು ಇವತ್ತು ನಮ್ಮ ಮನೆಯ ಬಾಲ್ಕನಿಯ ಬಗ್ಗೆ ಮಾತಾಡುತ್ತೇನೆ.

ನಮ್ಮದು ಪುಣೆಯ ಕಲ್ಯಾಣಿನಗರ. ಒಂಬತ್ತನೆಯ ಮಹಡಿ. ಕೆಳಗೆ ಮುಳಾ-ಮುಠಾ ಹೊಳೆ, ಆಚೆ ದಂಡೆಗೆ ಕೋರೆಗಾಂವ್ ಪಾರ್ಕ್‌ನ ಮರಗಳು. ಮನೆ ತೋರಿಸಲು ಬಂದವರು ಮೊದಲು ಅಡುಗೆಮನೆ ತೋರಿಸಲಿಲ್ಲ, ಬಾಲ್ಕನಿ ತೋರಿಸಿದರು. ಹೊಳೆ ಕಾಣುವ ಕಡೆಗೆ ಚದರಡಿಗೆ ದರ ಹೆಚ್ಚು. ನಾನು ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಹುಡುಗಿ. ಊರಿನ ಹೊಳೆಯೇ ಮನೆ ಬಾಗಿಲಿಗೆ ಬಂದಷ್ಟು ಖುಷಿಯಾಗಿ, ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕಿದೆವು.

ಸುದ್ದಿ ಕೇಳಿ ಊರಲ್ಲಿದ್ದ ಆಯಿ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಮಳಿಗಾಲದಾಗ ನೀರು ಎಲ್ಲಿ ಮಟ ಬರ್ತದ ಅಂತ ಅಲ್ಲಿಯವರನ್ನ ಕೇಳೀಯೇನು?” ನಾನು ನಕ್ಕೆ. “ಒಂಬತ್ತನೇ ಮಾಳಗಿ ಆಯಿ, ಅಲ್ಲಿ ಮಟ ಎಲ್ಲಿ ಬರ್ತದ!” ಅಂದೆ.

ಹೊಳೆ ಕಾಣುವ ಮನೆಯ ಸುಖ ಎಂಥದ್ದು ಅಂತ ಮೊದಲ ಬೇಸಿಗೆಯಲ್ಲೇ ತಿಳಿಯಿತು. ಇಲ್ಲಿಯವರು ಜಲಪರ್ಣಿ ಎನ್ನುವ ಕಳೆ ನೀರನ್ನು ಪೂರ್ತಿ ಮುಚ್ಚುತ್ತದೆ. ಅದರ ಹಿಂದೆಯೇ ಸೊಳ್ಳೆ. 2024ರ ಫೆಬ್ರವರಿಯಲ್ಲಿ ಖರಾಡಿ, ಕೇಶವನಗರದ ಹತ್ತಿರ ಹೊಳೆಯ ಮೇಲೆ ಸೊಳ್ಳೆಗಳು ಸುಂಟರಗಾಳಿಯಂತೆ ಎದ್ದ ವಿಡಿಯೊ ನೀವೂ ನೋಡಿರಬಹುದು. ದುಡ್ಡು ಕೊಟ್ಟು ಕೊಂಡ ಬಾಲ್ಕನಿಗೆ ಮತ್ತೆ ದುಡ್ಡು ಕೊಟ್ಟು ಜಾಲರಿ ಹಾಕಿಸಿದೆವು.

ಆದರೆ ನಾನು ಹೇಳಬೇಕಾದದ್ದು ಅದೇ ವರ್ಷ ಜುಲೈ 25, ಗುರುವಾರದ ಮಾತು.

ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಯಾದಗಿರಿ ಕಡೆಯವರು. ಅವರೂ ಭೀಮಾ ದಂಡೆಯವರೇ. 2020ರ ಅಕ್ಟೋಬರ್ ಪ್ರವಾಹದಲ್ಲಿ ಹೊಲ ಕೊಚ್ಚಿಹೋಗಿ, ಗಂಡ ಮಕ್ಕಳೊಂದಿಗೆ ಪುಣೆಗೆ ಬಂದವರು. ಮನೆ ಯರವಾಡದ ಕಡೆ, ಹೊಳೆಗೆ ಹತ್ತಿಕೊಂಡ ಒಂದು ಓಣಿಯಲ್ಲಿ. ನಾನು ಅವರನ್ನು ಅಕ್ಕ ಅನ್ನುತ್ತೇನೆ, ಅವರು ನನ್ನನ್ನು ಬಾಯಾರ ಅನ್ನುತ್ತಾರೆ.

ಹಿಂದಿನ ರಾತ್ರಿಯೆಲ್ಲ ಮಳೆ. ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಬಿಟ್ಟ ನೀರು ಬೆಳಗಿನ ಹೊತ್ತಿಗೆ 35,000 ಕ್ಯೂಸೆಕ್ಸ್ ಮೀರಿತ್ತು. ಕ್ಯೂಸೆಕ್ಸ್ ಅಂದರೆ ನಮಗೆ ಅಂದಾಜಾಗುವುದಿಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 10 ಲಕ್ಷ ಲೀಟರ್ ನೀರು. ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ಜನರನ್ನು ದೋಣಿಯಲ್ಲಿ ಹೊರಗೆ ತಂದರು. ಡೆಕ್ಕನ್ ಬಳಿಯ ಪುಲಾಚಿ ವಾಡಿಯಲ್ಲಿ ಕೈಗಾಡಿ ಸರಿಸಲು ಹೋದ ಮೂವರು ವಿದ್ಯುತ್ ತಗುಲಿ ಸತ್ತರು.

ನಮ್ಮ ಬೇಸ್‌ಮೆಂಟಿಗೂ ನೀರು ಬಂತು. ಲಿಫ್ಟ್ ನಿಂತಿತು. ಸೊಸೈಟಿಯ ವಾಟ್ಸ್ಆ್ಯಪ್ ತುಂಬ ಕಾರಿನ ಮಾತು, ವಿಮೆಯ ಮಾತು. ನಾನು ಬಾಲ್ಕನಿಯಲ್ಲಿ ನಿಂತು ಕೆಂಪು ನೀರಿನ ಫೋಟೊ ತೆಗೆದೆ, ಸ್ಟೇಟಸ್ ಹಾಕಿದೆ. ಆಮೇಲೆ ಅಕ್ಕನಿಗೆ ಮೆಸೇಜ್ ಕಳಿಸಿದೆ. ಆ ಮೆಸೇಜ್ ಇನ್ನೂ ನನ್ನ ಫೋನಿನಲ್ಲಿದೆ, ಹಾಗೇ ಓದುತ್ತೇನೆ: “ಇವತ್ತು ಬರ್ತೀರಾ? ನನಗೆ ಒಂಬತ್ತಕ್ಕೆ ಕಾಲ್ ಇದೆ.”

ಮಧ್ಯಾಹ್ನ ಅವರ ದನಿಯಲ್ಲಿ ಉತ್ತರ ಬಂತು. “ಮನ್ಯಾಗ ಎದಿಮಟ ನೀರು ಬಂದಾವ್ರಿ ಬಾಯಾರ. ಶಾಲಿಯಾಗ ಅದೀವಿ. ಇವತ್ತ ಬರಾಕ ಆಗಲಿಲ್ಲ, ತಪ್ಪ ತಿಳ್ಕೋಬ್ಯಾಡ್ರಿ.”

ತಪ್ಪು ತಿಳಿಯಬೇಡಿ ಅಂತ ಅವರು ಕೇಳಿಕೊಂಡರು. ನಾನು ಒಂಬತ್ತು ಮಹಡಿ ಇಳಿದು ಶಾಲೆ ಹುಡುಕಿಕೊಂಡು ಹೋದಾಗ ಸಂಜೆಯಾಗಿತ್ತು. ಅಕ್ಕ ಮಕ್ಕಳ ಪುಸ್ತಕ ಒಂದೊಂದಾಗಿ ಬಿಡಿಸಿ ಒಣಗಿಸುತ್ತಿದ್ದರು. ನನ್ನನ್ನು ನೋಡಿ ನಕ್ಕರು. “ಊರ ಹೊಳಿ ಇಲ್ಲಿ ಮಟ ಬೆನ್ನ ಹತ್ತಿ ಬಂದದ ನೋಡ್ರಿ” ಅಂದರು. ನನಗೆ ನಗಲು ಆಗಲಿಲ್ಲ.

ಆ ವಾರ ನಾನು ಓದಿದ ಎಂಟೆಕ್‌ಗೆ ಒಂದು ಕೆಲಸ ಕೊಟ್ಟೆ. ಮಹಾರಾಷ್ಟ್ರದಲ್ಲಿ ಹೊಳೆಗೆ ಎರಡು ಗೆರೆ ಗುರುತಿಸುತ್ತಾರೆ. ನೀಲಿ ರೇಖೆ ಅಂದರೆ 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಎತ್ತರ. ಕೆಂಪು ರೇಖೆ ಅಂದರೆ 100 ವರ್ಷಕ್ಕೊಮ್ಮೆಯದು. ನೀಲಿಯೊಳಗೆ ಮನೆ ಕಟ್ಟುವಂತಿಲ್ಲ. ನೀಲಿ, ಕೆಂಪಿನ ನಡುವೆ ಷರತ್ತಿನ ಮೇಲೆ ಕಟ್ಟಬಹುದು. ನಮ್ಮ ಕಟ್ಟಡ ನಡುವೆ ಇದೆ, ಕಾಗದಪತ್ರ ಸರಿಯಾಗಿದೆ. ಅಕ್ಕನ ಓಣಿ ನೀಲಿಯೊಳಗಿದೆ.

ನೂರು ವರ್ಷಕ್ಕೊಮ್ಮೆ ತಾನೆ ಅಂತ ನಾವು ನಿಶ್ಚಿಂತೆಯಿಂದ ಇರುತ್ತೇವೆ. ಅದರ ಅರ್ಥ ಪ್ರತಿ ವರ್ಷವೂ ನೂರರಲ್ಲಿ ಒಂದು ಸಾಧ್ಯತೆ ಅಂತ. ನಮ್ಮ ಇಪ್ಪತ್ತು ವರ್ಷದ ಸಾಲ ತೀರುವುದರೊಳಗೆ ಒಮ್ಮೆಯಾದರೂ ಕೆಂಪು ರೇಖೆ ಮುಟ್ಟುವ ಸಾಧ್ಯತೆ ಶೇ. 18. ನೀಲಿ ರೇಖೆಯದು ಅದೇ ಇಪ್ಪತ್ತು ವರ್ಷದಲ್ಲಿ ಶೇ. 56. ಅಂದರೆ ಅಕ್ಕನ ಮಕ್ಕಳು ದೊಡ್ಡವರಾಗುವುದರೊಳಗೆ ಪ್ರವಾಹ ಬರುವ ಸಾಧ್ಯತೆಯೇ ಬಾರದಿರುವುದಕ್ಕಿಂತ ಹೆಚ್ಚು. ಇದು ಲೆಕ್ಕ. ಆಯಿ ಇದನ್ನೇ ಒಂದು ಪ್ರಶ್ನೆಯಲ್ಲಿ ಕೇಳಿದ್ದರು.

ದುಡ್ಡಿದ್ದವರಿಗೆ ಈ ಗೆರೆ ತಾಕುವುದಿಲ್ಲ ಅಂತಲೂ ಅಲ್ಲ. ಇಂದ್ರಾಯಣಿ ದಂಡೆಯ ಚಿಖಲಿಯಲ್ಲಿ ನೀಲಿ ರೇಖೆಯೊಳಗೆ ಕಟ್ಟಿದ್ದ 36 ಬಂಗಲೆಗಳನ್ನು 2025ರ ಮೇ ತಿಂಗಳಲ್ಲಿ ಹಸಿರು ನ್ಯಾಯಾಧಿಕರಣದ ಆದೇಶದಂತೆ ಕೆಡವಿದರು. ಒಳಗಿದ್ದವರು ನಮ್ಮ ಹಾಗೆ ದುಡ್ಡು ಕೂಡಿಸಿ ಮನೆ ಮಾಡಿಕೊಂಡವರು.

ಹಾಗಾಗಿ ಗೆಳತಿಯರಲ್ಲಿ ಒಂದೆರಡು ಮಾತು. ಹೊಳೆ ಹತ್ತಿರ ಮನೆ ನೋಡುವಾಗ ಬಾಲ್ಕನಿಗೆ ಮೊದಲು ಬೇಸ್‌ಮೆಂಟಿಗೆ ಇಳಿಯಿರಿ. ಜನರೇಟರ್, ವಿದ್ಯುತ್ ಮೀಟರ್ ಎಲ್ಲಿವೆ ನೋಡಿ. ನೀಲಿ, ಕೆಂಪು ರೇಖೆಯ ನಕ್ಷೆ ಕೇಳಿ. ಅಕ್ಕಪಕ್ಕದ ಹಳೆಯ ಅಂಗಡಿಯವರನ್ನು ಆಯಿಯ ಪ್ರಶ್ನೆ ಕೇಳಿ. ಅಲ್ಲೇ ವಾಸವಿದ್ದರೆ, ಅಣೆಕಟ್ಟಿನ ನೀರು ಬಿಡುವ ಸೂಚನೆ ನಿಮ್ಮ ಗ್ರೂಪಿಗೆ ಬಂದ ಕೂಡಲೇ ಕೆಲಸದವರಿಗೂ, ಕಾವಲುಗಾರರಿಗೂ ಅವರ ಭಾಷೆಯಲ್ಲಿ ಕಳಿಸಿ. ನಮ್ಮ ಸೊಸೈಟಿಯಲ್ಲಿ ನಾವು ಆರು ಜನ ಹೆಂಗಸರು ಈಗ ಅದನ್ನು ಮಾಡುತ್ತಿದ್ದೇವೆ. ಕನ್ನಡದ ಧ್ವನಿ ಸಂದೇಶ ನನ್ನ ಪಾಲಿನದು. ಮಳೆ, ನೆರೆಯಿಂದ ಬರಲಾಗದ ದಿನಕ್ಕೆ ಸಂಬಳ ಹಿಡಿಯುವುದಿಲ್ಲ ಅಂತ ಸಭೆಯಲ್ಲಿ ಬರೆಸಿಯೂ ಆಯಿತು. ಸುಲಭವಾಗಿ ಏನಾಗಲಿಲ್ಲ, ಎರಡು ಸಭೆ ಬೇಕಾಯಿತು.

ಕೊನೆಯದಾಗಿ, ಈ ಮುಳಾ-ಮುಠಾ ಮುಂದೆ ಹೋಗಿ ಭೀಮೆಯನ್ನು ಸೇರುತ್ತದೆ. ಭೀಮೆ ಪಂಢರಪುರ ದಾಟಿ, ಗಾಣಗಾಪುರ ದಾಟಿ, ರಾಯಚೂರಿನ ಹತ್ತಿರ ಕೃಷ್ಣೆಯಲ್ಲಿ ಬೆರೆಯುತ್ತದೆ. ನಮ್ಮ ಕಟ್ಟಡದ ಕೊಳೆ ಹೋಗುವುದೂ ಆಯಿಯ ಊರಿನ ಕಡೆಗೇ. ನಾನು ದುಡ್ಡು ಕೊಟ್ಟು ಕೊಂಡದ್ದು ಹೊಳೆಯ ನೋಟವನ್ನು ಮಾತ್ರ. ಹೊಳೆಯ ಜೊತೆ ಬದುಕುವವರು ಅಕ್ಕ, ಆಯಿ.

ಈ ಮಳೆಗಾಲದಲ್ಲಿ ಜೋರು ಮಳೆ ಬಂದ ಬೆಳಗ್ಗೆ ನನ್ನ ಮೊದಲ ಮೆಸೇಜ್ ಈಗ ಬೇರೆ: “ಅಕ್ಕ, ನೀರು ಎಲ್ಲಿ ಮಟ ಬಂದದ?”