ಮೇಲಿನವರ ಮರ್ಯಾದೆ



ಈ ಸಭೆಯಲ್ಲಿ ಕಚೇರಿಯ ಸಾಹೇಬರಿದ್ದೀರಿ, ಅಮರಗೋಳ ಪೇಟೆಯ ಸಾಹುಕಾರರಿದ್ದೀರಿ, ಅವರ ಕೈಕೆಳಗೆ ದುಡಿಯುವ ದಿವಾನಜಿಗಳೂ ಹಮಾಲರೂ ಇದ್ದೀರಿ. ಒಬ್ಬರಿಗೆ ಹೇಳುವ ಮಾತು ಇನ್ನೊಬ್ಬರ ಕಿವಿಗೂ ಬೀಳಲೆಂದೇ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಅಧಿಕಾರಿಯೊಬ್ಬರು ಮಠಕ್ಕೆ ಬಂದವರು ನಮ್ಮ ಮುಂದೆ ಹೇಳಿಕೊಂಡರು: "ಅಜ್ಜಾರ, ನಾ ಬಂದ ಕೂಡಲೆ ಮಂದಿ ಎದ್ದು ನಿಲ್ಲತಾರ, ಬೆನ್ನು ತಿರಿವಿದ ಕೂಡಲೆ ನಗತಾರ." ಎದ್ದು ನಿಲ್ಲುವುದು ಕುರ್ಚಿಗೆ ಸಲ್ಲುವ ಗೌರವ. ಅದು ಆದೇಶಪತ್ರದೊಡನೆ ಬರುತ್ತದೆ, ವರ್ಗವಾದ ದಿನ ಹೋಗುತ್ತದೆ. ಅವರು ಕೇಳಿದ್ದು ಬೇರೆ: ಕಳೆದುಹೋದ ವಿಶ್ವಾಸ ಮರಳಿ ಬರುವ ದಾರಿ ಯಾವುದು?

ನಮ್ಮ ಊರಿನ ಮಾತನ್ನೇ ನೋಡೋಣ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ 1997ರಲ್ಲಿ ಹುಟ್ಟಿತು. ಅದರ ಕೇಂದ್ರ ಕಚೇರಿ ಇರುವುದು ನಮ್ಮ ಗೋಕುಲ ರಸ್ತೆಯಲ್ಲಿ. 2020ರ ಡಿಸೆಂಬರದಲ್ಲಿ ನಾಡಿನ ಸಾರಿಗೆ ನೌಕರರು ಬಸ್ಸು ನಿಲ್ಲಿಸಿದಾಗ ಅವರು ಕೇಳಿದ್ದು ಪಗಾರವೊಂದನ್ನೇ ಅಲ್ಲ. ಮೇಲಧಿಕಾರಿಗಳ ಕಿರುಕುಳ ತಪ್ಪಬೇಕೆಂದೂ ಕೇಳಿದ್ದರು. 2021ರ ಏಪ್ರಿಲ್ 7ರಿಂದ ಆರನೆಯ ವೇತನ ಆಯೋಗದ ಪಗಾರಕ್ಕಾಗಿ ಮತ್ತೆ ಮುಷ್ಕರವಾಯಿತು, ಎರಡು ವಾರ ನಡೆಯಿತು. ಹಲವರು ವಜಾ ಆದರು, ಹಲವರು ದೂರದೂರಿಗೆ ವರ್ಗವಾದರು; ಮುಂದೆ ವಜಾ ಆದವರಲ್ಲಿ ಹಲವರು ಕೆಲಸಕ್ಕೆ ಮರಳಿದರು. ಆ ಮುಷ್ಕರ ಸರಿಯೋ ತಪ್ಪೋ ಎಂಬ ತೀರ್ಪು ಮಠದ ಕೆಲಸವಲ್ಲ. ನಿಲ್ದಾಣದಲ್ಲಿ ಸಿಕ್ಕಿಬಿದ್ದ ಬಡವರ ಕಷ್ಟವೂ ಕಷ್ಟವೇ. ಆದರೆ ಒಂದನ್ನು ಗಮನಿಸಿರಿ. ಪಗಾರ ಏರಿಸುವುದು ಡಿಪೊ ಸಾಹೇಬರ ಕೈಯಲ್ಲಿಲ್ಲ. ಕಿರುಕುಳ ಬಿಡುವುದು ಅವರ ಕೈಯಲ್ಲಿದೆ.

ವಸ್ತಿ ಬಸ್ಸಿನ ಡ್ರೈವರ, ಕಂಡಕ್ಟರರನ್ನು ನೆನೆಯಿರಿ. ರಾತ್ರಿ ಹಳ್ಳಿ ಮುಟ್ಟಿ, ಕಟ್ಟಿಕೊಂಡು ಹೋದ ರೊಟ್ಟಿ ತಿಂದು, ಸೊಳ್ಳೆಯ ನಡುವೆ ಅದೇ ಬಸ್ಸಿನಲ್ಲಿ ಮಲಗಿ, ನಸುಕಿನಲ್ಲಿ ಎದ್ದು ಗಾಡಿ ಬಿಡುತ್ತಾರೆ. 2023ರ ಜೂನ್ 11ರಿಂದ ತಾಯಂದಿರಿಗೆ ಉಚಿತ ಪ್ರಯಾಣ ಬಂದಿತು, ಒಳ್ಳೆಯದೇ ಆಯಿತು. ಆ ಗದ್ದಲದಲ್ಲಿ ಎಲ್ಲರಿಗೂ ಟಿಕೆಟು ಹರಿದು ಕೊಡಬೇಕಾದವನು ಕಂಡಕ್ಟರನೇ. ಇಂಥವನು ಮಗಳ ಲಗ್ನಕ್ಕೆ ಎರಡು ದಿನ ರಜೆ ಕೇಳಿ ನಾಲ್ಕು ಸಲ ಬಾಗಿಲ ಹೊರಗೆ ನಿಂತರೆ ಅವನ ಮನಸ್ಸಿನಲ್ಲಿ ಸಾಹೇಬರ ಬಗ್ಗೆ ಏನು ಉಳಿದೀತು? ಸಾಹೇಬರು ಒಂದು ರಾತ್ರಿ ಆ ವಸ್ತಿ ಬಸ್ಸಿನಲ್ಲಿ ಮಲಗಿ ಬರಲಿ. ಫೋಟೋದವರನ್ನು ಮಾತ್ರ ಕರೆದೊಯ್ಯಬಾರದು!

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದವರು. ಇಂದಿನ ಯಾವ ಮ್ಯಾನೇಜರರಿಗಿಂತಲೂ ದೊಡ್ಡ ಅಧಿಕಾರ. ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿ ಆಯುವ ಬಡಶರಣರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳೆಂಬ ಕಥೆ ನಿಮಗೆಲ್ಲ ಗೊತ್ತು. ಮಹಾಮನೆಯ ಉದಾರತೆಯನ್ನೇ ಕೂಲಿಯವನ ಹೆಂಡತಿ ತಿದ್ದಿದಳು! ಭಂಡಾರಿಯ ಮರ್ಯಾದೆ ಹೋಯಿತೇ? ಎಂಟು ನೂರು ವರ್ಷಗಳ ಮೇಲೂ ನಾವು ಆ ಇಬ್ಬರ ಹೆಸರನ್ನೂ ಕೂಡಿಯೇ ಹೇಳುತ್ತಿದ್ದೇವೆ. ಕೈಕೆಳಗಿನವರು ತಿದ್ದಿದರೆ ಸಣ್ಣವರಾಗುತ್ತೇವೆಂಬ ಅಂಜಿಕೆಯೇ ಅನೇಕ ಸಾಹೇಬರನ್ನು ಸಣ್ಣವರನ್ನಾಗಿ ಮಾಡಿದೆ.

ಇನ್ನೊಂದು ರೂಢಿಯಿದೆ. ಹತ್ತು ಮಂದಿಯ ಮುಂದೆ ಬೈಯುವುದು, ಆಮೇಲೆ ಖೋಲಿಗೆ ಕರೆದು ಚಹಾ ಕುಡಿಸುವುದು. ಅಂಗಳದಲ್ಲಿ ಕಳೆದ ಮಾನ ಖೋಲಿಯಲ್ಲಿ ಸಿಗುವುದಿಲ್ಲ. ಯಾರೆದುರು ಬೈದಿರೋ ಅವರೆದುರಿಗೇ "ನನ್ನದು ತಪ್ಪಾತು" ಎನ್ನಬೇಕು. ಮುಷ್ಕರಕ್ಕೆ ಹೋಗಿ ಬಂದವನನ್ನು ಕೆಲಸಕ್ಕೆ ತೆಗೆದುಕೊಂಡು, ಮನದಲ್ಲಿ ಹಗೆ ಇಟ್ಟುಕೊಂಡು ದಿನವೂ ಕೆಟ್ಟ ಪಾಳಿಗೆ ಹಾಕುವುದು ಮರಳಿ ತೆಗೆದುಕೊಂಡಂತಲ್ಲ. ಪಾಳಿಯ ಪಟ್ಟಿಯನ್ನು ಗೋಡೆಗೆ ಹಚ್ಚಿರಿ. ಯಾರಿಗೆ ಯಾವ ಮಾರ್ಗ, ಯಾಕೆ ಎಂಬುದು ಎಲ್ಲರಿಗೂ ಕಾಣಲಿ. ಮೊದಮೊದಲು ಯಾರೂ ನಂಬಲಿಕ್ಕಿಲ್ಲ. ಇದೂ ಒಂದು ನಾಟಕ ಎಂದಾರು. ಎನ್ನಲಿ, ಆರು ತಿಂಗಳು ಪಟ್ಟಿ ಗೋಡೆಯ ಮೇಲೆಯೇ ಇರಲಿ.

ಕೊನೆಗೆ ಪೇಟೆಯ ಸಾಹುಕಾರರಿಗೆ ಒಂದು ಮಾತು. ಅಮಾವಾಸ್ಯೆಯ ಪೂಜೆಯಲ್ಲಿ ಹಮಾಲನಿಗೆ ಪ್ರೀತಿಯಿಂದ ಪ್ರಸಾದ ಕೊಡುತ್ತೀರಿ. ಅದೇ ಹಮಾಲ ತಾನು ಹೊತ್ತ ಚೀಲಗಳ ಲೆಕ್ಕದ ಚೀಟಿ ಕೇಳಿದರೆ ನಿಮಗೆ ಸಿಟ್ಟು ಬರುತ್ತದೆ. ನಾಳೆ ಅಂಗಡಿಯ ಕದ ತೆಗೆದ ಕೂಡಲೆ, ಅವನು ಕೇಳುವ ಮೊದಲೇ, ಆ ಚೀಟಿಯನ್ನು ಅವನ ಕೈಗೆ ಕೊಡಿರಿ.